ಕೊನೆಯ ಭೇಟಿಯಿಂದ ಕಥೆ ಶುರು ಮಾಡುತ್ತಿದ್ದವರು

ಹೋದ ಭಾನುವಾರ, ಟೀಚರ್ ತೀರಿಕೊಂಡು ತಿಂಗಳಾದದ್ದಕ್ಕೆ, ಸಿಡ್ನಿಯ ಅವರ ಚರ್ಚಿನಲ್ಲಿ ಬಲಿಪೂಜೆ ಇತ್ತು. ಪೂಜೆ ಮುಗಿದು ಚರ್ಚಿನ ಹಿಂದಿನ ಹಾಲ್‌ನಲ್ಲಿ ಚಹಾ ಕುಡಿಯುತ್ತಿದ್ದಾಗ, ಮಂಗಳೂರು ಕಡೆಯ ಹಿರಿಯರೊಬ್ಬರು ಬಂದು, ಅವರನ್ನು ಹತ್ತಿರದಿಂದ ಬಲ್ಲವರು ನೀವೇ ಅಲ್ಲವಾ, ಎರಡು ಮಾತು ಹೇಳಿ ಎಂದರು. ನನಗೆ ನಿಂತು ಮಾತಾಡಿ ಅಭ್ಯಾಸವಿಲ್ಲ. ಮೈಕ್ ಹಿಡಿದುಕೊಂಡು "ಭಾಳ ಒಳ್ಳೆಯವರಿದ್ದರು" ಎಂದಷ್ಟೇ ಹೇಳಿ ಕೂತುಬಿಟ್ಟೆ. ಮೆಲ್ಬರ್ನ್‌ಗೆ ವಾಪಸ್ ಬರುವಾಗ ವಿಮಾನದಲ್ಲಿ ಅದೇ ಕೊರೆಯತೊಡಗಿತು. ಒಳ್ಳೆಯವರಿದ್ದರು ಎನ್ನುವುದು ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು. ಯಾವ ಹುಡುಗಿಯಾದರೂ ಉತ್ತರ ಪತ್ರಿಕೆಯಲ್ಲಿ ಹಾಗೆ ಬರೆದಿದ್ದರೆ ಟೀಚರ್ ಪಕ್ಕದಲ್ಲಿ 'ಹೇಗೆ?' ಎಂದು ಕೆಂಪು ಪೆನ್ನಿನಲ್ಲಿ ಗೀಚುತ್ತಿದ್ದರು. ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರಿನಿಂದ ಕರೆದದ್ದೇ ಇಲ್ಲ.

ನಾನು ಗದಗದಿಂದ ಓದಲು ಬಂದವಳು. ಬಂದ ಹೊಸದರಲ್ಲಿ ಸಿಡ್ನಿಯ ಪಶ್ಚಿಮದ ಗಿರಾವೀನ್‌ನಲ್ಲಿ ಅವರ ಮನೆಯ ಹಿಂದಿನ ಕೋಣೆಯನ್ನು ರೆಂಟ್‌ಗೆ ಹಿಡಿದೆ. ಸೂಟ್‌ಕೇಸ್ ಎಳೆದುಕೊಂಡು ಹೋಗಿ ಬೆಲ್ ಒತ್ತಲು ಕೈ ಎತ್ತುವಷ್ಟರಲ್ಲಿ ಬಾಗಿಲು ತೆರೆಯಿತು. ತೆಳ್ಳನೆಯ ಹೆಂಗಸು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಒಳಗೆ ಬಾ ಅನ್ನಲಿಲ್ಲ, ಹೆಸರು ಕೇಳಲಿಲ್ಲ.

"ಎಂತ ಇಷ್ಟು ಲೇಟು? ರೈಲು ನಿಂತಿತ್ತಾ?"

ನಾನು ಬರುತ್ತೇನೆಂದ ಸಮಯಕ್ಕಿಂತ ಮುಂಚೆಯೇ ಬಂದಿದ್ದೆ. ಹಾಗೆಂದು ಹೇಳಿದೆ. ಹೌದಾ ಎಂದು ಗಡಿಯಾರ ನೋಡಿದರು. ನೋಡಿದ ಮೇಲೂ ಸಮಾಧಾನವಾದಂತೆ ಕಾಣಲಿಲ್ಲ.

ಅವರು ಕರಾವಳಿಯ ಕ್ಯಾಥೊಲಿಕರು. ಪ್ರಾರ್ಥನೆ ಕೊಂಕಣಿಯಲ್ಲಿ, ನನ್ನ ಜೊತೆ ಮಂಗಳೂರು ಕನ್ನಡ, ಪಕ್ಕದ ಮನೆಯ ಗುಜರಾತಿ ಆಂಟಿಯ ಜೊತೆ ಹರಕು ಹಿಂದಿ. ಪಶ್ಚಿಮ ಸಿಡ್ನಿಯ ಒಂದು ಹುಡುಗಿಯರ ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ದುಬೈಯಲ್ಲಿ ಒಬ್ಬ ಅಣ್ಣನ ಮಗನಿದ್ದ. ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಿದ್ದ.

ಅವರಷ್ಟು ಕಳವಳ ಪಡುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಯಾರಾದರೂ ಮನೆಯಿಂದ ಹೊರಟರೆ ಸಾಕು, ಅವರು ಮುಟ್ಟಿದ ಸುದ್ದಿ ಬರುವ ತನಕ ಟೀಚರ್ ಕೂರುತ್ತಿರಲಿಲ್ಲ. ನಿಂತೇ ತರಕಾರಿ ಹೆಚ್ಚುತ್ತಿದ್ದರು, ನಿಂತೇ ಪೇಪರ್ ಓದುತ್ತಿದ್ದರು. ಫೋನನ್ನು ಒಂದೊಂದು ಕಿಟಕಿಯ ಬಳಿ ಇಟ್ಟು, ಎಲ್ಲಿ ಸಿಗ್ನಲ್ ಚೆನ್ನಾಗಿದೆ ಎಂದು ಪರೀಕ್ಷೆ ಮಾಡಿ, ಕೊನೆಗೆ ಅಡುಗೆಮನೆಯ ಸಿಂಕಿನ ಮೇಲಿನ ಕಿಟಕಿಯನ್ನು ಗೊತ್ತು ಮಾಡಿದ್ದರು. ನಾನು ಸೂಪರ್ ಮಾರ್ಕೆಟ್ಟಿನಲ್ಲಿ ಸಂಜೆ ಪಾಳಿ ಮುಗಿಸಿ ಬಂದಾಗ ಮುಂದಿನ ಕೋಣೆಯಲ್ಲಿ ಜಪಮಾಲೆ ಹಿಡಿದುಕೊಂಡಿರುತ್ತಿದ್ದರು. ನನಗಾಗಿ ಕಾಯಬೇಡಿ ಎಂದರೆ, ನಿನಗೆ ಯಾರು ಕಾಯ್ತಾರೆ, ಸಂಜೆಯ ತೇರ್ಸ ಬಾಕಿ ಇತ್ತು ಅನ್ನುತ್ತಿದ್ದರು. ದಿನಾಲೂ ಆ ಜಪಮಾಲೆ ಪ್ರಾರ್ಥನೆ ನಾನು ಬರುವವರೆಗೆ ಸರಿಯಾಗಿ ಬಾಕಿ ಇರುತ್ತಿತ್ತು.

ಇದಕ್ಕೊಂದು ಕಾರಣವಿತ್ತು. ನನಗೆ ಅದು ತಿಳಿದದ್ದು ಬಹಳ ತಡವಾಗಿ. ಅವರ ಗಂಡನಿಗೆ ಕೆಲಸದ ಜಾಗದಲ್ಲಿ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದಾಗ ಟೀಚರ್ ಕ್ಲಾಸಿನಲ್ಲಿದ್ದರು. ಫೋನ್ ಶಾಲೆಯ ಆಫೀಸಿಗೆ ಬಂತು. ಪಾಠದ ಮಧ್ಯೆ ತೊಂದರೆ ಕೊಡುವುದು ಬೇಡವೆಂದು ಆಫೀಸಿನ ಹೆಂಗಸು ಗಂಟೆ ಹೊಡೆಯುವ ತನಕ ಕಾದಳು. ಟೀಚರ್ ಅವಳ ಮೇಲೆ ಒಂದು ದಿನವೂ ಕೋಪ ಮಾಡಿಕೊಂಡವರಲ್ಲ. ಅವಳಿಗೆ ಹೇಗೆ ಗೊತ್ತಾಗಬೇಕು ಪಾಪ, ಅವಳು ಮರ್ಯಾದೆಯವಳು ಅನ್ನುತ್ತಿದ್ದರು. ಆದರೆ ಆಸ್ಪತ್ರೆ ಮುಟ್ಟಿದಾಗ ಮಂಚದ ಸುತ್ತ ಪರದೆ ಎಳೆದಿತ್ತು.

ಅದೇ ಶಾಲೆಯಲ್ಲಿ ಐರ್ಲೆಂಡಿನಿಂದ ಬಂದ ಒಬ್ಬ ಮುದಿ ಸಿಸ್ಟರ್ ಇದ್ದರು. ಆ ದಿನಗಳಲ್ಲಿ ಸ್ಟಾಫ್ ರೂಮಿನಲ್ಲಿ ಟೀಚರ್ ಪಕ್ಕ ಕೂತು, ಸಮಾಧಾನದ ಮಾತು ಒಂದೂ ಹೇಳದೆ, ತಮ್ಮ ದೇಶದ ದಂಗೆಯ ಕಥೆ ಹೇಳಲು ಶುರು ಮಾಡಿದರಂತೆ. ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಕಥೆ ಅದು. ಈಸ್ಟರ್ ರಜೆಯಲ್ಲಿ ಒಂದಷ್ಟು ಗಂಡಸರು ಹೆಂಗಸರು ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಗೆ ನುಗ್ಗಿ, ನಾವಿನ್ನು ಬ್ರಿಟಿಷರ ಕೈಕೆಳಗಿಲ್ಲ ಎಂದು ಸಾರಿದರು. ವಾರ ತುಂಬುವುದರೊಳಗೆ ಸೋತು ಶರಣಾದರು. ಆಮೇಲೆ ನಾಯಕರನ್ನು ಜೈಲಿನ ಅಂಗಳದಲ್ಲಿ ಬೆಳಗಿನ ಜಾವ ಸಾಲಾಗಿ ಗುಂಡಿಕ್ಕಿ ಕೊಂದರು. ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಸಿಸ್ಟರ್ ಹೇಳಿದ್ದು ಬೇರೆ. ಗುಂಡಿಕ್ಕುವ ಮುಂಚಿನ ಹೊತ್ತಿನಲ್ಲಿ, ಮನೆಯವರನ್ನು ಕೊನೆಯ ಭೇಟಿಗೆ ಕರೆತರಲು, ಯಾರ ಮನೆಯ ಬಾಗಿಲಿಗೆ ಸೈನಿಕರ ಲಾರಿ ಹೋಯಿತು, ಯಾರು ಹೊರಟರು, ಯಾರು ಮುಟ್ಟಿದರು ಅನ್ನುವುದನ್ನು.

ಟೀಚರ್ ಅದನ್ನೇ ತಮ್ಮ ಪದ್ಧತಿ ಮಾಡಿಕೊಂಡರು. ಯಾವ ನಾಯಕನ ಬದುಕನ್ನೂ ಹುಟ್ಟಿನಿಂದ ಹೇಳುತ್ತಿರಲಿಲ್ಲ. ಕೊನೆಯ ಭೇಟಿಯಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಿದ್ದರು. "ಗುಂಡಿನ ಕಥೆ ಎಲ್ಲರಿಗೂ ಗೊತ್ತುಂಟು. ನೀನು ಬಾಗಿಲಿನ ಕಥೆ ಕೇಳು" ಎಂಬುದು ಅವರ ಪೀಠಿಕೆ. ನಾನು ಕುಕ್ಕರ್ ಇಡುವಾಗ, ಬಟ್ಟೆ ಮಡಿಚುವಾಗ ಎಲ್ಲ ಕೇಳಿದ್ದೇನೆ. ತಂಬಾಕಿನ ಅಂಗಡಿ ಇಟ್ಟಿದ್ದ ಮುದುಕ ನಾಯಕನನ್ನು ನೋಡಲು ಅವನ ಹೆಂಡತಿ ಬಂದಳು. ಅವಳು ಬಸುರಿ, ಅವನಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಹೋದವಳು ಹೇಳದೆ ಬಂದಳು. ಕ್ಷಯರೋಗದಿಂದ ಸೊರಗಿದ್ದ ಕವಿಯೊಬ್ಬ ಜೈಲಿನ ಪ್ರಾರ್ಥನಾ ಮಂದಿರದಲ್ಲೇ ಮದುವೆಯಾದ. ಆ ಹುಡುಗಿಗೆ ಆಮೇಲೆ ಅವನ ಜೊತೆ ಸಿಕ್ಕಿದ್ದು ಕೆಲವೇ ನಿಮಿಷ, ಪಕ್ಕದಲ್ಲಿ ಕೈಗಡಿಯಾರ ನೋಡುತ್ತ ನಿಂತ ಸೈನಿಕ. ಕಾಲಿಗೆ ಗಾಯವಾಗಿ ನಿಲ್ಲಲಾಗದ ಕಾರ್ಮಿಕ ನಾಯಕನನ್ನು ಕುರ್ಚಿಯಲ್ಲಿ ಕೂರಿಸಿ ಕೊಂದರು. ಅವನ ಹೆಂಡತಿ ಮಗಳ ಜೊತೆ ಬಂದಿದ್ದಳು.

ಆದರೆ ಶಾಲೆ ನಡೆಸುತ್ತಿದ್ದ ಮಾಸ್ತರ ಕಥೆ ಬಂದಾಗ ಟೀಚರ್ ಮಾತು ನಿಧಾನವಾಗುತ್ತಿತ್ತು. ಆ ಮಾಸ್ತರ ತಾಯಿಯನ್ನು ಕರೆತರಲು ಸೈನ್ಯದವರು ಕಾರು ಕಳಿಸಿದ್ದರು. ಬೀದಿಯಲ್ಲಿ ಇನ್ನೂ ಗುಂಡು ಹಾರುತ್ತಿದ್ದವು, ಕಾರು ವಾಪಸಾಯಿತು. ತಾಯಿ ಬರಲಿಲ್ಲ. ಬೇರೆ ಕಡೆ ಸೆರೆಯಲ್ಲಿದ್ದ ಮಾಸ್ತರ ತಮ್ಮನನ್ನು ಕರೆದುಕೊಂಡು ಬರುತ್ತಿದ್ದರು. ಅವನು ದಾರಿಯಲ್ಲೇ ಅಣ್ಣನನ್ನು ಕೊಂದ ಗುಂಡಿನ ಸದ್ದು ಕೇಳಿದ.

"ಅವರು ಮುಟ್ಟಲಿಲ್ಲ, ಅದು ಬಿಡು" ಅನ್ನುತ್ತಿದ್ದರು ಟೀಚರ್. "ತಮ್ಮ ದಾರಿಯಲ್ಲಿದ್ದಾನೆ, ಹೊರಟಿದ್ದಾನೆ ಅಂತ ಮಾಸ್ತರಿಗೆ ಯಾರಾದರೂ ಹೇಳಿದ್ರಾ? ಅದು ಯಾವ ಪುಸ್ತಕದಲ್ಲೂ ಇಲ್ಲ. ನಾನು ಹುಡುಕಿದ್ದೇನೆ."

ಹೀಗೆಂದ ಮಾತ್ರಕ್ಕೆ ಅವರು ಆ ನಾಯಕರ ಫೋಟೋಗೆ ಮೇಣದ ಬತ್ತಿ ಹಚ್ಚುವವರಲ್ಲ. ಮಾಸ್ತರಿಗೆ ಶಾಲೆಯ ಲೆಕ್ಕ ತಿಳಿಯುತ್ತಿರಲಿಲ್ಲ ಎನ್ನುವುದನ್ನೂ, ಆ ವಾರ ಬೀದಿಯಲ್ಲಿ ಸತ್ತವರಲ್ಲಿ ಹಾಲು ಬ್ರೆಡ್ಡು ತರಲು ಹೋದವರೇ ಎಷ್ಟೋ ಜನ ಎನ್ನುವುದನ್ನೂ ಬಿಡದೆ ಹೇಳುತ್ತಿದ್ದರು. ಅವರ ಬಾಗಿಲಿಗೆ ಲಾರಿಯೂ ಬರಲಿಲ್ಲ ನೋಡು ಅನ್ನುತ್ತಿದ್ದರು.

ಸಿಡ್ನಿಯ ಪೂರ್ವದಲ್ಲಿ, ಸಮುದ್ರದ ಮೇಲಿನ ಬಂಡೆಯ ಏರಿನಲ್ಲಿ ಒಂದು ಸ್ಮಶಾನವಿದೆ. ಅಲ್ಲಿ ಐರಿಷ್ ಬಂಡಾಯಗಾರರಿಗೆ ಕಟ್ಟಿದ ದೊಡ್ಡ ಬಿಳಿ ಅಮೃತಶಿಲೆಯ ಸ್ಮಾರಕವಿದೆ. ಈ ದಂಗೆಗಿಂತ ಬಹಳ ಹಿಂದಿನ ಇನ್ನೊಂದು ದಂಗೆಯ ನಾಯಕ, ಗಡೀಪಾರಾಗಿ ಇಲ್ಲಿಗೆ ಬಂದವನು, ಹೆಂಡತಿಯ ಜೊತೆ ಅದರಡಿ ಮಲಗಿದ್ದಾನೆ. ಪ್ರತಿ ಈಸ್ಟರ್‌ಗೆ ಅಲ್ಲಿ ಐರಿಷ್ ಜನ ಸೇರುತ್ತಾರೆ. ಟೀಚರ್ ತಪ್ಪದೆ ಹೋಗುತ್ತಿದ್ದರು. ನಾನು ಲೈಸೆನ್ಸ್ ಮಾಡಿಸಿದ ಮೇಲೆ ನಾನೇ ಡ್ರೈವರ್. ಭಾಷಣ ಮಾಡುವವರು ಮಾಡಿ ಹೋದ ಮೇಲೆ ಟೀಚರ್ ಥರ್ಮಾಸ್ ಬಿಚ್ಚುತ್ತಿದ್ದರು. ಅವರ ಚರ್ಚಿನ ಎರಡು ಮೂರು ಮಂಗಳೂರು ಕುಟುಂಬಗಳು, ಕೆಲವು ಐರಿಷ್ ಮುದುಕರು ಸುತ್ತ ಸೇರುತ್ತಿದ್ದರು. ಹೆಂಡತಿ ಪಕ್ಕದಲ್ಲೇ ಮಲಗಿರುವ ಈ ನಾಯಕನ ಬಗ್ಗೆ ಯಾರಾದರೂ ಕೇಳಿದರೆ, ಅವನದ್ದು ಹೇಳಲಿಕ್ಕೆ ಎಂತ ಉಂಟು, ಹೆಂಡತಿ ಹಡಗಿನಲ್ಲಿ ಜೊತೆಗೇ ಬಂದಳು, ಅವನ ಕಥೆಯಲ್ಲಿ ಬಾಗಿಲೇ ಇಲ್ಲ ಎಂದು ನಗುತ್ತಿದ್ದರು.

ಒಂದು ವರ್ಷ ಕೆಂಪು ಮೂಗಿನ ಮುದುಕರೊಬ್ಬರು, ನಮ್ಮ ಅಜ್ಜ ಆ ದಂಗೆಯಲ್ಲಿದ್ದ, ಆದರೂ ನನಗಿಂತ ನಿನಗೇ ಹೆಚ್ಚು ಗೊತ್ತು, ನಿನಗ್ಯಾಕಮ್ಮ ಇಷ್ಟು ಆಸಕ್ತಿ ಎಂದು ಕೇಳಿದರು. ನಮ್ಮನ್ನೂ ಆ ಬ್ರಿಟಿಷರೇ ಆಳಿದ್ದಲ್ಲವಾ ಎಂದು ಟೀಚರ್ ಮಾತು ಹಾರಿಸಿದರು. ಮುದುಕರು ಜೋರಾಗಿ ನಕ್ಕು ಇನ್ನೊಂದು ಕಪ್ ಚಹಾ ಕೇಳಿದರು. ಕಾರಿನಲ್ಲಿ ಬರುವಾಗ ಟೀಚರ್, ಅವರಿಗೆ ನಿಜ ಹೇಳಿದರೆ ಚಹಾ ಕಹಿ ಆಗ್ತಿತ್ತು ಎಂದರು. ಗಂಡನ ಆ ದಿನದ ವಿಷಯ ನನಗೆ ಹೇಳಿದ್ದು ಆವಾಗ.

ನನಗೆ ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಬಂದು, ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ವಾರ ಟೀಚರ್‌ಗೆ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರ್ ಹೇಳಿದರು. ವರ್ಷಗಟ್ಟಲೆ ಇರಬಹುದು, ಹಾಗೇ ಒಂದು ದಿನ ನಿಲ್ಲಲೂಬಹುದು. ನಾನು ಕೆಲಸ ಬೇಡವೆನ್ನುತ್ತೇನೆಂದು ಹೇಳಿದಾಗ ಅವರಿಗೆ ನಿಜಕ್ಕೂ ಸಿಟ್ಟು ಬಂತು. ಆಮೇಲೆ ಬೀನ್ಸ್ ಮುರಿಯುತ್ತ, ನನ್ನ ಕಡೆ ನೋಡದೆ ಹೇಳಿದರು.

"ಆಸ್ಪತ್ರೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಕೇಳ್ತಾರೆ. ನಿನ್ನ ಹೆಸರು ಕೊಟ್ಟೆ. ಬರಬೇಕಾಗ್ತದೆ."

"ಬರ್ತೀನ್ರಿ ಟೀಚರ್."

"ಮೆಲ್ಬರ್ನ್‌ನಿಂದ."

"ಹೂಂ, ಮೆಲ್ಬರ್ನ್‌ನಿಂದನ ಬರ್ತೀನಿ."

"ಎಲ್ಲರೂ ಹಾಗೇ ಹೇಳ್ತಾರೆ ಮಾರಾಯ್ತಿ" ಎಂದು ಬೀನ್ಸ್ ತೊಳೆಯಲು ಎದ್ದು ಹೋದರು.

ಅವರು ಸಾವಿಗೆ ಹೆದರುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತ, ಯಾರಾದರೂ ಹೊರಟಿದ್ದಾರೋ ಇಲ್ಲವೋ ತಿಳಿಯದೆ ಹೋಗುವುದಕ್ಕೆ ಹೆದರುತ್ತಿದ್ದರು. ಆ ಹೆದರಿಕೆಯನ್ನು ನಾನು ಮೆಲ್ಬರ್ನ್‌ಗೆ ಹೊತ್ತುಕೊಂಡು ಹೋದೆ. ಸಿಡ್ನಿಯ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಕೈಯಲ್ಲಿದ್ದುದನ್ನು ಬಿಟ್ಟು ಎತ್ತುತ್ತಿದ್ದೆ. ಇನ್‌ಶೂರೆನ್ಸ್ ಮಾರುವವರಿಗೆ ನಾನು ಉಸಿರು ಬಿಗಿಹಿಡಿದು ಹಲೋ ಅನ್ನುತ್ತಿದ್ದೆ. ಸಿನಿಮಾಗೆ ಹೋಗುವುದನ್ನು ಬಿಟ್ಟೆ, ಅಲ್ಲಿ ಫೋನ್ ಮುಚ್ಚಿಡಬೇಕಲ್ಲ.

ಒಂದು ಬುಧವಾರ ಬೆಳಿಗ್ಗೆ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿತ್ತು. ಟೀಚರ್ ಫೋನ್. "ಬಾ" ಎಂದರು. ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮ್ಯಾನೇಜರ್‌ಗೆ ಏನು ಹೇಳಿದೆನೋ ನೆನಪಿಲ್ಲ. ಟ್ರಾಮ್, ಏರ್‌ಪೋರ್ಟ್ ಬಸ್, ಸಿಕ್ಕ ಮೊದಲ ವಿಮಾನ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಫೋನ್ ಮಾಡುತ್ತಲೇ ಇದ್ದೆ. ಗಿರಾವೀನ್ ಮುಟ್ಟಿ ಅವರ ಬೀದಿಯಲ್ಲಿ ಓಡಿದೆ. ಬಾಗಿಲು ತೆರೆದಿತ್ತು. ಟೀಚರ್ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಗೋಡೆಯ ಗಡಿಯಾರ ನೋಡಿದರು.

"ಬೆಳಕಿರುವಾಗಲೇ ಬಂದೆ. ಆಗ್ತದೆ."

ಅದು ಪರೀಕ್ಷೆಯಾಗಿತ್ತು. ನಾನು ಮುಟ್ಟಬಲ್ಲೆನೋ ಇಲ್ಲವೋ ಎಂದು ನೋಡಿದ್ದರು.

ಮೆಟ್ಟಿಲ ಮೇಲೆ ಕುಸಿದು ಕೂತೆ. ಪಕ್ಕದ ಹೂವಿನ ಕುಂಡಕ್ಕೆ ವಾಂತಿ ಮಾಡಿಕೊಂಡೆ. ಆವಾಗ ಅವರ ಮುಖ ಬದಲಾಯಿತು. ಸೌಟು ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತರು.

"ದಾರ್ಯಾಗ ನಾನೇ ಸತ್ತಹೋಗಿದ್ದೆ ಟೀಚರ್" ಎಂದೆ.

ಗುಜರಾತಿ ಆಂಟಿ ಬೇಲಿಯಾಚೆಯಿಂದ ಇಣುಕಿ, ಏನಾಯ್ತು ಎಂದು ಹಿಂದಿಯಲ್ಲಿ ಕೇಳಿದರು. ಏನಿಲ್ಲ, ಹುಡುಗಿಗೆ ವಿಮಾನ ಆಗಿಬರುವುದಿಲ್ಲ ಎಂದರು ಟೀಚರ್. ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟರು. ಅವರ ಕೈ ಹಗುರವಾಗಿತ್ತು.

"ತಪ್ಪಾಯ್ತು. ಇನ್ನು ನಾನು ಕರೆಯುವುದಿಲ್ಲ. ಕರೆಯುವುದಾದರೆ ಆಸ್ಪತ್ರೆಯವರೇ ಕರೆಯಲಿ. ಅವರಿಗೆ ತಮಾಷೆ ಬರುವುದಿಲ್ಲ."

ಹಾಗಲ್ಲ, ನೀವು ಕರೆಯಬೇಕು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಒಳಗೆ ಹೋದರೆ ಮೇಜಿನ ಮೇಲೆ ಬದನೆಕಾಯಿ ಎಣ್ಣೆಗಾಯಿ ಇತ್ತು. ನಮ್ಮ ಕಡೆಯ ಅಡುಗೆ, ನಾನು ಕಲಿಸಿದ್ದು. ಮಸಾಲೆಗೆ ತೆಂಗಿನಕಾಯಿ ಹೆಚ್ಚಾಗಿ ಅದು ಅರ್ಧ ಮಂಗಳೂರಿನದಾಗಿತ್ತು. ಬರುತ್ತಾಳೋ ಇಲ್ಲವೋ ಗೊತ್ತಿಲ್ಲದವಳಿಗಾಗಿ ಬೆಳಿಗ್ಗೆಯಿಂದ ಮಾಡಿದ ಅಡುಗೆ. ಇಬ್ಬರೂ ತಲೆ ತಗ್ಗಿಸಿ ಊಟ ಮಾಡಿದೆವು.

ಅಂದಿನಿಂದ ಅವರು ಮಾತಿನಂತೆ ನಡೆದರು. ಅವರ ಕಡೆಯಿಂದ ಒಂದೂ ಕರೆ ಬರಲಿಲ್ಲ. ಮೊದಲು ಫೋನ್ ಬಂದರೆ ಹೆದರಿಕೆ, ಈಗ ಬಾರದಿದ್ದರೆ ಹೆದರಿಕೆ. ದಿನಾ ಬೆಳಿಗ್ಗೆ ಟ್ರಾಮಿನಿಂದ ನಾನೇ ಮಾಡುತ್ತಿದ್ದೆ. ಅವರು ಹಲೋ ಅನ್ನುತ್ತಿರಲಿಲ್ಲ. "ಇದ್ದೇನೆ" ಅನ್ನುತ್ತಿದ್ದರು. ಆಮೇಲೆ ಉಳಿದ ಮಾತು. ಈ ವರ್ಷ ಈಸ್ಟರ್‌ಗೆ ಸ್ಮಾರಕದ ಹತ್ತಿರ ಎರಡು ಸಲ ಕೂತು ಸುಧಾರಿಸಿಕೊಂಡರು. ಮಾಸ್ತರ ತಾಯಿಯ ಕಥೆ ಹೇಳುವಾಗ, ಮಂಗಳೂರು ಕುಟುಂಬದ ಒಂದು ಪುಟ್ಟ ಹುಡುಗಿ, ಅಮ್ಮ ಬರಲಿಲ್ಲ ಅಂತ ಆ ಮಾಸ್ತರು ಅತ್ತರಾ ಆಂಟಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವರು ಗೊತ್ತಿಲ್ಲ ಪುಟ್ಟಾ ಎಂದು ಕನ್ನಡದಲ್ಲೇ ಹೇಳಿ ಕಥೆ ನಿಲ್ಲಿಸಿದರು. ಅಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಫೋನ್ ಮಾಡಿದಾಗ ಅವರು ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬಹುದು ಅಂದುಕೊಂಡೆ. ಟ್ರಾಮ್ ಇಳಿದು ಮಾಡಿದೆ. ಚರ್ಚಿಗೆ ಹೋಗಿರಬಹುದು ಅಂದುಕೊಂಡೆ. ಆಫೀಸಿನ ಲಿಫ್ಟಿನ ಮುಂದೆ ನಿಂತು ಗುಜರಾತಿ ಆಂಟಿಯ ನಂಬರ್ ಹುಡುಕುತ್ತಿದ್ದಾಗ ಸಿಡ್ನಿಯ ಗೊತ್ತಿಲ್ಲದ ನಂಬರ್ ಬಂತು. ನರ್ಸ್ ಒಬ್ಬಳು. ಟೀಚರ್ ಹಿಂದಿನ ಮಧ್ಯಾಹ್ನವೇ ತಾವೇ ಆಂಬ್ಯುಲೆನ್ಸ್ ಕರೆದು ಆಸ್ಪತ್ರೆ ಸೇರಿದ್ದರಂತೆ. ನಿಮಗೆ ನಿನ್ನೆಯೇ ಫೋನ್ ಮಾಡುತ್ತೇವೆ ಅಂದೆವು, ಅವರು ಬಿಡಲಿಲ್ಲ, ಡಾಕ್ಟರ್ ಖಚಿತವಾಗಿ ಹೇಳುವ ತನಕ ಆ ಹುಡುಗಿಯನ್ನು ಓಡಿಸಬೇಡಿ ಎಂದು ಹಟ ಮಾಡಿದರು ಎಂದಳು. ಈಗ ಡಾಕ್ಟರ್ ಹೇಳಿದ್ದಾರಾ ಎಂದು ಕೇಳಿದೆ. ಹೇಳಿದ್ದಾರೆ ಎಂದಳು. ಬೇಗ ಬಂದರೆ ಒಳ್ಳೆಯದು ಎಂದಳು.

"ಒಂದು ಮಾತು ಹೇಳ್ತೀರಾ ಅವರಿಗೆ?" ಎಂದೆ. "ನಾನು ಹೊರಟಿದ್ದೇನೆ ಅಂತ ಹೇಳಿ. ಮಲಗಿದ್ದರೂ ಎಬ್ಬಿಸಿ ಹೇಳಿ."

ನರ್ಸ್‌ಗೆ ವಿಚಿತ್ರ ಅನ್ನಿಸಿರಬೇಕು. ಹೇಳುತ್ತೇನೆ ಎಂದಳು.

ಏರ್‌ಪೋರ್ಟಿನಲ್ಲಿ ಮಂಜು. ವಿಮಾನದಲ್ಲಿ ಕೂರಿಸಿ, ಬಾಗಿಲು ಹಾಕಿ, ಅಲ್ಲೇ ನಿಲ್ಲಿಸಿದರು. ಕಿಟಕಿಯಾಚೆ ಬೆಳ್ಳಗೆ, ರೆಕ್ಕೆಯ ತುದಿಯೂ ಕಾಣುತ್ತಿರಲಿಲ್ಲ. ಪಕ್ಕದವನು ಲ್ಯಾಪ್‌ಟಾಪ್ ಬಿಚ್ಚಿ ಕೆಲಸ ಶುರು ಮಾಡಿದ. ಪೈಲಟ್ ಆಗಾಗ ಕ್ಷಮೆ ಕೇಳುತ್ತಿದ್ದ, ಅವನ ದನಿಯಲ್ಲಿ ಯಾವ ಅವಸರವೂ ಇರಲಿಲ್ಲ. ಇಳಿದು ಬೇರೆ ವಿಮಾನ ಹಿಡಿಯಲೇ ಎಂದು ಗಗನಸಖಿಯನ್ನು ಕೇಳಿದೆ. ಎಲ್ಲವೂ ಇದೇ ಮಂಜಿನಲ್ಲಿವೆ ಎಂದಳು. ವಾಪಸಾದ ಆ ಕಾರಿನೊಳಗೆ ಮಾಸ್ತರ ತಾಯಿ ಇದ್ದಿದ್ದರೆ ಅವಳು ಡ್ರೈವರ್‌ಗೆ ಏನು ಹೇಳುತ್ತಿದ್ದಳು ಎಂದು ಯೋಚಿಸಿದೆ. ಏನೂ ಹೇಳುತ್ತಿರಲಿಲ್ಲ ಅನ್ನಿಸಿತು. ಡ್ರೈವರ್ ಕೂಡ ಮನುಷ್ಯನೇ ಅಲ್ಲವಾ. ಆ ಹೊತ್ತಿನಲ್ಲಿ ನನಗೆ ಟೀಚರ್ ಮೇಲೆ ತುಂಬಾ ಸಿಟ್ಟು ಬಂತು. ಒಂದು ಮಾತಿಗೆ ಕಟ್ಟುಬಿದ್ದು ಅರ್ಧ ಹಗಲು, ಒಂದು ರಾತ್ರಿ ಒಬ್ಬರೇ ಮಲಗಿದ್ದರಲ್ಲ. ನಿನ್ನೆಯೇ "ಬಾ" ಅಂದಿದ್ದರೆ ಮಂಜಿರಲಿಲ್ಲ.

ಮಂಜು ಕರಗಿದ ಮೇಲೆ ವಿಮಾನ ಹೊರಟಿತು. ಸಿಡ್ನಿಯಲ್ಲಿ ಬಿಸಿಲಿತ್ತು. ಟ್ಯಾಕ್ಸಿಯವನು ಪಂಜಾಬಿ. ಆಸ್ಪತ್ರೆ ಎಂದಷ್ಟೇ ಕೇಳಿ ಮುಂದೆ ಮಾತಾಡಿಸಲಿಲ್ಲ, ಸಂದಿಗೊಂದಿಯಲ್ಲಿ ಹೊಡೆದ. ಕೌಂಟರಿನಲ್ಲಿ ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ನನ್ನ ಹೆಸರು ನಿಮ್ಮಲ್ಲಿದೆ ನೋಡಿ ಎಂದೆ. ನೋಡಿ, ಹೋಗಿ ಎಂದರು.

ವಾರ್ಡಿನ ಉದ್ದದ ದಾರಿಯಲ್ಲಿ ಓಡಲಿಲ್ಲ. ಓಡಿದರೆ ಕೊನೆಯಲ್ಲಿ ಎಳೆದ ಪರದೆ ಕಾಣುತ್ತದೆ ಅನ್ನಿಸಿ ನಿಧಾನವಾಗಿ ನಡೆದೆ. ಪರದೆ ತೆರೆದಿತ್ತು. ಮಂಚವನ್ನು ಬಾಗಿಲಿಗೆ ಎದುರಾಗಿ ತಿರುಗಿಸಿದ್ದರು. ಅದನ್ನು ಅವರೇ ಹೇಳಿ ಮಾಡಿಸಿದ್ದೆಂದು ಆಮೇಲೆ ತಿಳಿಯಿತು. ಟೀಚರ್ ದಿಂಬಿಗೆ ಒರಗಿದ್ದರು. ಮೂಗಿಗೆ ನಳಿಗೆ, ಕನ್ನಡಕ ಎದೆಯ ಮೇಲೆ. ಮುಖ ಅರ್ಧವಾಗಿತ್ತು. ನನ್ನನ್ನು ನೋಡಿ ಕನ್ನಡಕ ಏರಿಸಿಕೊಳ್ಳಲು ಹೋದರು, ಕೈ ಅಷ್ಟು ಮೇಲೆ ಬರಲಿಲ್ಲ. ನಾನೇ ಏರಿಸಿದೆ.

"ಹೊರಟಿದ್ದಿ ಅಂತ ಹೇಳಿದರು" ಎಂದರು. ಉಸಿರು ಎಳೆದುಕೊಂಡರು. "ಈ ಸಲ ನಾನು ಕರೆದದ್ದಲ್ಲ."

"ಗೊತ್ತೈತ್ರಿ ಟೀಚರ್."

ನನ್ನ ಮುಖ, ಕೂದಲು, ಗುಂಡಿ ಹಾಕಿಕೊಂಡೇ ಇದ್ದ ಮೆಲ್ಬರ್ನ್‌ನ ದಪ್ಪ ಕೋಟು, ಹೆಗಲಿನಲ್ಲಿ ಹಾಗೇ ನೇತಾಡುತ್ತಿದ್ದ ಬ್ಯಾಗು ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಎಷ್ಟು ಹೊತ್ತು ಕೊಟ್ಟಿದ್ದಾರೆ?"

ಕೈಗಡಿಯಾರದ ಆ ಸೈನಿಕ ನೆನಪಾದ. ತಿರುಗಿ ನೋಡಿದೆ. ಬೆಳಿಗ್ಗೆ ಮಾತಾಡಿದ್ದ ನರ್ಸ್ ಇರಬೇಕು, ಪಕ್ಕದ ಮಂಚದವರ ಡ್ರಿಪ್ ಸರಿ ಮಾಡುತ್ತಿದ್ದಳು. ನಾನು ಎಷ್ಟು ಹೊತ್ತು ಇರಬಹುದು ಎಂದು ಅವಳನ್ನು ಕೇಳಿದೆ. ನಿಮಗೆ ಬೇಕಾದಷ್ಟು ಹೊತ್ತು, ಯಾರೂ ಕಳಿಸುವುದಿಲ್ಲ ಎಂದು ಹೇಳಿ ಅವಳು ಕೆಲಸ ಮುಂದುವರಿಸಿದಳು.

"ಟೈಮ್ ಇಟ್ಟಿಲ್ಲರಿ ಟೀಚರ್" ಎಂದೆ. "ಬೇಕಾದಷ್ಟು ಹೊತ್ತು ಇರಬಹುದಂತ."

ಟೀಚರ್ ಕಣ್ಣು ಮುಚ್ಚಿ ತೆರೆದರು.

"ಹಾಗಾದರೆ ಕೋಟು ತೆಗಿ ಮಾರಾಯ್ತಿ" ಎಂದರು. "ಕೂತುಕೋ."